ಸೂರ್ಯನಿಲ್ಲದ ಸೂರ್ಯಾಸ್ತ: ಮೋನೆಯ ನೈದಿಲೆ ಕೊಳದ ಚಿತ್ರವನ್ನು ಕುರಿತು ಚರ್ಚೆ

ಮುಸ್ಸಂಜೆಯ ಓದುಗ:

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಕ್ಲೋಡ್ ಮೋನೆಯ ‘ನೈದಿಲೆಗಳು, ಸೂರ್ಯಾಸ್ತ’ ಎಂಬ ತೈಲಚಿತ್ರವಿದೆ. 1907ರ ಸುಮಾರಿಗೆ ಬರೆದದ್ದು. ಎತ್ತರ 73 ಸೆಂಟಿಮೀಟರ್, ಅಗಲ ಸುಮಾರು 93 ಸೆಂಟಿಮೀಟರ್. ಫ್ರಾನ್ಸಿನ ಜಿವರ್ನಿ ಗ್ರಾಮದಲ್ಲಿ ತಾನೇ ಮಾಡಿಸಿಕೊಂಡ ಕೊಳದ ನೀರನ್ನಷ್ಟೇ ಚಿತ್ರಕಾರ ಇಲ್ಲಿ ಆರಿಸಿಕೊಂಡಿದ್ದಾನೆ. ದಡ ಕಾಣುವುದಿಲ್ಲ, ಆಕಾಶ ಕಾಣುವುದಿಲ್ಲ, ನೀರು ಎಲ್ಲಿ ಮುಗಿಯಿತೆಂದು ಹೇಳುವ ಗೆರೆಯೂ ಇಲ್ಲ. ಮರಗಳ ಕಡುಬಣ್ಣದ ಪ್ರತಿಬಿಂಬಗಳ ನಡುವೆ ಹಳದಿಯೂ ಗುಲಾಬಿಯೂ ಕಲೆತ ಬೆಳಕು ಉರಿಯುತ್ತಿದೆ, ಅದರ ಸುತ್ತ ನೈದಿಲೆಯ ಎಲೆಗಳು ಅಡ್ಡಡ್ಡ ಗುಂಪುಗಳಾಗಿ ತೇಲುತ್ತಿವೆ. ಶೀರ್ಷಿಕೆಯಲ್ಲಿರುವ ಸೂರ್ಯ ಚಿತ್ರದಲ್ಲಿ ಎಲ್ಲೂ ಇಲ್ಲ.

ನನ್ನ ಪ್ರಶ್ನೆ ಸರಳವಾದದ್ದು. ಪಕ್ಕದಲ್ಲಿರುವ ಹೆಸರಿನ ಫಲಕವನ್ನು ಮುಚ್ಚಿಟ್ಟರೆ ಇದು ಸಂಜೆಯ ಹೊತ್ತು ಎಂದು ನಮಗೆ ಯಾವುದರಿಂದ ತಿಳಿಯುತ್ತದೆ? ಕೆಂಪು ಬೆಳಕು ಮುಂಜಾನೆಯೂ ಇರುತ್ತದೆ. ‘ಬಣ್ಣಗಳ ಭಾವ ಸಂಜೆಯದು’ ಎಂಬಂಥ ಉತ್ತರ ನನಗೆ ಸಾಲದು. ಚಿತ್ರದಲ್ಲಿ ಕಾಣುವ ಅಥವಾ ಆ ಕೊಳದ ಬಗ್ಗೆ ಖಚಿತವಾಗಿ ತಿಳಿದಿರುವ ಸಂಗತಿಗಳ ಆಧಾರದ ಮೇಲೆ ಉತ್ತರಿಸಬೇಕೆಂದು ಬಲ್ಲವರಲ್ಲಿ ವಿನಂತಿ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು:

ಪ್ರಶ್ನೆಯನ್ನು ಎರಡಾಗಿ ಬಿಡಿಸಿಕೊಳ್ಳೋಣ. ಬೆಳಕು ಕೆಳಮಟ್ಟದಲ್ಲಿದೆಯೇ ಎಂಬುದು ಮೊದಲನೆಯದು. ಅದು ಪೂರ್ವದ್ದೋ ಪಶ್ಚಿಮದ್ದೋ ಎಂಬುದು ಎರಡನೆಯದು. ಮೊದಲನೆಯದಕ್ಕೆ ನೀರೇ ಉತ್ತರ ಹೇಳುತ್ತದೆ.

ಕೊಳದ ದಡದಲ್ಲಿ ನಿಂತು ಕಾಲ ಬುಡದ ನೀರನ್ನು ನೋಡಿದರೆ ಅಲ್ಲಿ ಕಾಣುವ ಪ್ರತಿಬಿಂಬ ನೆತ್ತಿಯ ಹತ್ತಿರದ ಆಕಾಶದ್ದು. ದೃಷ್ಟಿಯನ್ನು ದೂರಕ್ಕೆ ಹಾಯಿಸಿದಂತೆ ಪ್ರತಿಬಿಂಬಿಸುವ ಆಕಾಶದ ಭಾಗ ಕೆಳಗಿಳಿಯುತ್ತಾ ಹೋಗಿ, ಎದುರು ದಡದ ಬಳಿ ದಿಗಂತಕ್ಕೆ ಹತ್ತಿರದ ಆಕಾಶವೋ ಅದಕ್ಕೆ ಅಡ್ಡ ನಿಂತ ಮರಗಳೋ ಕಾಣಿಸುತ್ತವೆ. ಅಂದರೆ ಮೋನೆಯ ಚಿತ್ರದಲ್ಲಿ ಆಕಾಶ ಇಲ್ಲವೆಂದು ಹೇಳುವುದು ಪೂರ್ತಿ ಸರಿಯಲ್ಲ. ಅದು ತಲೆಕೆಳಗಾಗಿ ಮಲಗಿದೆ. ಎದುರು ದಡದಲ್ಲಿ ಮರಗಳು ಗೋಡೆಯಂತೆ ನಿಂತಿದ್ದರೆ ಕೆಳಮಟ್ಟದ ಬೆಳಕು ಅವುಗಳ ಸಂದಿನಿಂದ ಮಾತ್ರ ನೀರಿಗೆ ಇಳಿಯಲು ಸಾಧ್ಯ. ಕಡು ಪ್ರತಿಬಿಂಬಗಳ ನಡುವೆ ಉರಿಯುವ ಆ ಬೆಳಕನ್ನು ಹಾಗೆ ಓದಬೇಕು. ಹೊತ್ತೇರಿದ ಮೇಲಿನ ಬೆಳಕಾಗಿದ್ದರೆ ಮರಗಳ ನೆರಳಿನ ಭಾಗಕ್ಕೂ ತೆರೆದ ನೀರಿಗೂ ಇಷ್ಟು ದೊಡ್ಡ ಅಂತರ ಇರುತ್ತಿರಲಿಲ್ಲ, ಬೆಳಕಿಗೆ ಈ ಬಣ್ಣವೂ ಬರುತ್ತಿರಲಿಲ್ಲ.

ಇನ್ನೊಂದು ಅಂಶವನ್ನು ಸೇರಿಸುತ್ತೇನೆ. ನೀರನ್ನು ನೇರ ಮೇಲಿನಿಂದ ನೋಡಿದಾಗ ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 2 ಪಾಲನ್ನಷ್ಟೇ ಮರಳಿಸುತ್ತದೆ. ಲಂಬದಿಂದ 80 ಡಿಗ್ರಿ ಓರೆಯಾಗಿ ನೋಡಿದಾಗ ಈ ಪಾಲು 35ರ ಆಸುಪಾಸಿಗೆ ಏರುತ್ತದೆ. ಆದ್ದರಿಂದ ಹತ್ತಿರದ ನೀರಿನಲ್ಲಿ ಆಳ ಕಾಣುತ್ತದೆ, ದೂರದ ನೀರು ಕನ್ನಡಿಯಾಗುತ್ತದೆ. ಒಂದೇ ಕೊಳ ಒಂದು ಕಡೆ ಪಾರದರ್ಶಕವಾಗಿಯೂ ಇನ್ನೊಂದು ಕಡೆ ಗಟ್ಟಿ ಲೋಹದಂತೆಯೂ ಕಾಣುವುದು ಚಿತ್ರಕಾರನ ಕಲ್ಪನೆಯಲ್ಲ, ಅದು ನೀರಿನ ಸ್ವಭಾವ.

ಎರಡನೆಯ ಪ್ರಶ್ನೆಗೆ, ಅಂದರೆ ಪೂರ್ವವೋ ಪಶ್ಚಿಮವೋ ಎಂಬುದಕ್ಕೆ, ಬೆಳಕಿನ ನಿಯಮಗಳಷ್ಟರಿಂದಲೇ ಉತ್ತರ ಹೇಳಲಾಗುವುದಿಲ್ಲ. ಇದನ್ನು ಹೂವು ಬಲ್ಲವರಿಗೆ ಬಿಡುತ್ತೇನೆ.

ಕೊಳದ ತೋಟಗಾರ:

ಮೇಷ್ಟ್ರು ಕರೆದ ಮೇಲೆ ಬರದಿರಲಾಗದು. ಹೂವಿನ ಕಡೆಯಿಂದ ನೋಡಿದರೆ ಈ ಚಿತ್ರದಲ್ಲಿ ದೊಡ್ಡದೊಂದು ತೊಡಕಿದೆ.

ನಮ್ಮ ಕಡೆಯ ಓದುಗರಿಗೆ ಸಂಜೆಯ ಕೊಳದಲ್ಲಿ ಅರಳಿದ ನೈದಿಲೆ ಎಂದರೆ ಆಶ್ಚರ್ಯವಾಗುವುದಿಲ್ಲ, ಏಕೆಂದರೆ ನಮ್ಮ ಕೆರೆಗಳಲ್ಲಿ ರಾತ್ರಿ ಅರಳಿ ಮರುದಿನ ಹೊತ್ತೇರಿದ ಮೇಲೆ ಮುಚ್ಚುವ ನೈದಿಲೆಯ ಜಾತಿಗಳಿವೆ. ಚಂದ್ರನನ್ನು ಕಂಡು ಅರಳುವ ಕುಮುದವೆಂದು ನಮ್ಮ ಹಳೆಯ ಕವಿಗಳು ಹಾಡಿದ್ದು ಕಣ್ಣಾರೆ ಕಂಡ ಸಂಗತಿಯನ್ನೇ. ಆದರೆ ಮೋನೆಯ ಕೊಳದಲ್ಲಿದ್ದವು ಬೇರೆ ಹೂಗಳು. ಯುರೋಪಿನ ಚಳಿಯನ್ನು ತಾಳಿಕೊಳ್ಳುವ ನೈದಿಲೆ ಹಿಂದೆ ಬಹುತೇಕ ಬಿಳಿ ಬಣ್ಣದಲ್ಲಷ್ಟೇ ಸಿಗುತ್ತಿತ್ತು. ಫ್ರಾನ್ಸಿನ ನೈರುತ್ಯ ಭಾಗದ ತಾಂಪ್ಲ್-ಸ್ಯುರ್-ಲೋ ಎಂಬ ಊರಿನಲ್ಲಿ ಜೋಸೆಫ್ ಬೋರಿ ಲಾತೂರ್-ಮಾರ್ಲಿಯಾಕ್ ಎಂಬ ಸಸ್ಯಪ್ರಿಯ ಆ ಜಾತಿಗಳನ್ನು ಇತರ ಜಾತಿಗಳೊಂದಿಗೆ ಅಡ್ಡಹಾಯಿಸಿ, ಹಳದಿ, ಗುಲಾಬಿ, ಕೆಂಪು ಬಣ್ಣದ ತಳಿಗಳನ್ನು ಸಾಧಿಸಿದ. ಐಫೆಲ್ ಗೋಪುರ ತಲೆಯೆತ್ತಿದ 1889ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಅವನ ಹೂಗಳೂ ಇದ್ದವು. ಮೋನೆ ತನ್ನ ಕೊಳಕ್ಕೆ ಗಿಡಗಳನ್ನು ತರಿಸಿಕೊಂಡದ್ದು ಅವನಿಂದಲೇ.

ಈ ತಳಿಗಳೆಲ್ಲ ಹಗಲಿನ ಹೂಗಳು. ಬೆಳಗಿನ ಹೊತ್ತು ಅರಳಿ, ಮಧ್ಯಾಹ್ನ ಇಳಿಯುತ್ತಿದ್ದಂತೆ ಮುಚ್ಚತೊಡಗುತ್ತವೆ. ಒಂದೊಂದು ಹೂವು ಮೂರು ನಾಲ್ಕು ದಿನ ಹೀಗೆ ತೆರೆದು ಮುಚ್ಚಿ, ಕೊನೆಗೆ ನೀರಿನೊಳಗೆ ಮುಳುಗುತ್ತದೆ. ಜೂನ್ ತಿಂಗಳ ಜಿವರ್ನಿಯಲ್ಲಿ ಸೂರ್ಯನ ಕಾಲಮಾನದಂತೆ ಲೆಕ್ಕ ಹಾಕಿದರೂ ಸೂರ್ಯಾಸ್ತವಾಗುವುದು ರಾತ್ರಿ ಎಂಟರ ಹೊತ್ತಿಗೆ. ಅಷ್ಟರಲ್ಲಿ ಹೂಗಳು ಮುಚ್ಚಿ ಗಂಟೆಗಳೇ ಕಳೆದಿರುತ್ತವೆ. ಹಾಗಾಗಿ ಹೂವು ತೆರೆದಿದೆಯೇ ಮುಚ್ಚಿದೆಯೇ ಎಂದು ನೋಡಿ ಹೊತ್ತು ಹೇಳಬಹುದಿತ್ತು. ಆದರೆ ಮೋನೆ ಇಲ್ಲಿ ಹೂವಿಗೆ ಕೊಟ್ಟಿರುವುದು ಕೆಲವೇ ಕುಂಚದ ತುದಿಯ ಗುರುತುಗಳನ್ನು. ಮೊಗ್ಗು ಎಂದರೆ ಮೊಗ್ಗು, ಹೂವು ಎಂದರೆ ಹೂವು.

ಸಂಶಯಾತ್ಮ:

ಇಷ್ಟೆಲ್ಲ ವಿಜ್ಞಾನ ಬೇಕೇ ಎಂದು ನನಗೆ ಅನುಮಾನ. ಮೋನೆಗೆ ಕಣ್ಣಿನ ಪೊರೆ ಇತ್ತೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಪೊರೆ ಬಂದ ಕಣ್ಣಿಗೆ ಲೋಕವೆಲ್ಲ ಹಳದಿಯಾಗಿಯೂ ಕೆಂಪಾಗಿಯೂ ಮಸುಕಾಗಿಯೂ ಕಾಣುತ್ತದೆ. ಅವನು ನಡುಹಗಲಿನ ಕೊಳವನ್ನೇ ನೋಡಿ ಬರೆದಿರಬಹುದು, ನಾವು ಅದನ್ನು ಸೂರ್ಯಾಸ್ತವೆಂದು ಕೊಂಡಾಡುತ್ತಿರಬಹುದು. ದಡವಿಲ್ಲ, ದಿಗಂತವಿಲ್ಲ ಎಂಬ ವೈಶಿಷ್ಟ್ಯವೂ ದೂರದ್ದು ಕಾಣದವನ ಅನಿವಾರ್ಯತೆಯೇ ಆಗಿರಬಾರದೇಕೆ?

ಕಣ್ಣಿನ ವೈದ್ಯೆ:

ಸಂಶಯಾತ್ಮ ಅವರೇ, ಈ ವಾದವನ್ನು ನನ್ನ ವೃತ್ತಿಯವರೂ ಉತ್ಸಾಹದಿಂದ ಹೇಳುವುದುಂಟು, ಆದರೆ ಈ ಚಿತ್ರಕ್ಕೆ ಅದು ಒಪ್ಪುವುದಿಲ್ಲ. ಮೋನೆಯ ಎರಡೂ ಕಣ್ಣುಗಳಲ್ಲಿ ಪೊರೆ ಇರುವುದನ್ನು ವೈದ್ಯರು ಗುರುತಿಸಿದ್ದು 1912ರಲ್ಲಿ. ಬಲಗಣ್ಣಿನ ಶಸ್ತ್ರಚಿಕಿತ್ಸೆ ನಡೆದದ್ದು 1923ರಲ್ಲಿ, ಡಾ. ಶಾರ್ಲ್ ಕುತೆಲಾ ಅವರಿಂದ. ನಾವು ಮಾತಾಡುತ್ತಿರುವ ಚಿತ್ರ 1907ರ ಸುಮಾರಿನದು. ಪೊರೆ ಒಂದೇ ದಿನದಲ್ಲಿ ಬರುವುದಿಲ್ಲ ಎಂದು ತಾವು ಹೇಳಬಹುದು, ಅದು ನಿಜವೇ. ಆದರೆ ಅದೇ ವರ್ಷಗಳಲ್ಲಿ ಅದೇ ಕೊಳವನ್ನು ನೋಡಿ ಅವನು ಬರೆದ ಇತರ ಚಿತ್ರಗಳಲ್ಲಿ ತಣ್ಣನೆಯ ನೀಲಿ, ತೆಳು ನೇರಳೆ, ಬೂದು ಹಸಿರುಗಳು ಸೂಕ್ಷ್ಮವಾಗಿ ಬೇರ್ಪಟ್ಟು ನಿಂತಿವೆ. ಹಳದಿಗಟ್ಟಿದ ಮಸೂರದ ಮೂಲಕ ನೋಡುವವನಿಗೆ ಮೊದಲು ಕೈಕೊಡುವುದು ಆ ನೀಲಿ ನೇರಳೆಗಳ ವ್ಯತ್ಯಾಸವೇ. ಒಂದು ಚಿತ್ರದಲ್ಲಿ ಬೆಂಕಿಯ ಬಣ್ಣ, ಪಕ್ಕದ ಚಿತ್ರದಲ್ಲಿ ಮಂಜಿನ ಬಣ್ಣ ಎಂದಾದರೆ ಬದಲಾದದ್ದು ಹೊತ್ತು, ಕಣ್ಣಲ್ಲ. ಪೊರೆಯ ಪರಿಣಾಮವನ್ನು ನೋಡಬೇಕೆಂದಿದ್ದರೆ ಅದೇ ಕೊಳದ ಮೇಲಿನ ಜಪಾನಿ ಶೈಲಿಯ ಸೇತುವೆಯನ್ನು 1918ರ ನಂತರ ಬರೆದ ಚಿತ್ರಗಳನ್ನು ನೋಡಬೇಕು. ಅಲ್ಲಿ ಕಂದು ಕೆಂಪುಗಳ ಸಿಕ್ಕಿನಲ್ಲಿ ಸೇತುವೆಯನ್ನು ಹುಡುಕಿ ತೆಗೆಯಬೇಕಾಗುತ್ತದೆ.

ಕಣ್ಣಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಬೆಳಕು ತಗ್ಗಿದಂತೆ ನಮ್ಮ ದೃಷ್ಟಿ ಹಗಲಿನಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳಿಂದ ಮಂದ ಬೆಳಕಿನಲ್ಲಿ ಕೆಲಸ ಮಾಡುವ ಸರಳು ಕೋಶಗಳ ಕೈಗೆ ಹೋಗುತ್ತದೆ. ಹಗಲಿನಲ್ಲಿ ಕಣ್ಣು ಅತಿ ಹೆಚ್ಚು ಸ್ಪಂದಿಸುವುದು 555 ನ್ಯಾನೋಮೀಟರಿನ ಹಳದಿ ಹಸಿರಿಗೆ. ಕತ್ತಲಲ್ಲಿ ಅದು 507ರ ಸುಮಾರಿಗೆ, ಅಂದರೆ ನೀಲಿಯ ಕಡೆಗೆ, ಸರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಗಮನಿಸಿ ಬರೆದ ಪುರ್ಕಿನ್ಯೆ ಎಂಬ ವಿಜ್ಞಾನಿಯ ಹೆಸರೇ ಈ ಪಲ್ಲಟಕ್ಕೆ ಉಳಿದಿದೆ. ಇದರ ಫಲವಾಗಿ ಮುಸ್ಸಂಜೆಯಲ್ಲಿ ಕೆಂಪು ಹೂಗಳು ಮೊದಲು ಕಪ್ಪಾಗುತ್ತವೆ, ನೀಲಿಯೂ ಬಿಳಿಯೂ ಇನ್ನಷ್ಟು ಹೊತ್ತು ಉಳಿಯುತ್ತವೆ. ಈ ಚಿತ್ರದಲ್ಲಿ ಗುಲಾಬಿ ಇನ್ನೂ ಗುಲಾಬಿಯಾಗಿಯೇ ಇದೆ. ಹೀಗಾಗಿ ಇದು ಕತ್ತಲೆ ಕವಿಯುವ ಹೊತ್ತಲ್ಲ. ಸೂರ್ಯ ಮುಳುಗುವ ಕ್ಷಣದ ಆಚೀಚೆ, ಬೆಳಕಿನ ಬಲ ಇನ್ನೂ ಕುಂದದಿರುವಾಗಿನದು ಎಂದು ಹೇಳಬಹುದು.

ಕುಂಚ ಹಿಡಿದವನು:

ವೈದ್ಯರು ಹೇಳಿದ ಪಲ್ಲಟವನ್ನು ಬಯಲಿನಲ್ಲಿ ಕುಳಿತು ಸಂಜೆ ಚಿತ್ರ ಬರೆಯುವ ಪ್ರತಿಯೊಬ್ಬರೂ ಅನುಭವಿಸಿರುತ್ತಾರೆ. ತೊಂದರೆ ಹೂವಿನದಷ್ಟೇ ಅಲ್ಲ, ನಮ್ಮ ಕೈಯಲ್ಲಿರುವ ಬಣ್ಣದ ಹಲಗೆಯದೂ ಹೌದು. ಎದುರಿನ ನೀರು ಉರಿಯುತ್ತಿರುವಾಗ ಹಲಗೆಯ ಮೇಲಿನ ಕೆಂಪು ಮಂಕಾಗಿ ಕಾಣುತ್ತದೆ. ಅದನ್ನು ಸರಿದೂಗಿಸಲು ಹೆಚ್ಚು ಕೆಂಪು ಬೆರೆಸುತ್ತೇವೆ, ಮರುದಿನ ಬೆಳಿಗ್ಗೆ ನೋಡಿದರೆ ಚಿತ್ರ ಕಿರುಚುತ್ತಿರುತ್ತದೆ. ಮೋನೆಯ ಚಿತ್ರದಲ್ಲಿ ಬೆಂಕಿ ಇದೆ, ಕಿರುಚಾಟ ಇಲ್ಲ. ಇದರಿಂದ ನಾನು ಊಹಿಸುವುದೇನೆಂದರೆ, ಚಿತ್ರದ ಮೊದಲ ರೂಪ ಕೊಳದ ಬಳಿ ಹುಟ್ಟಿರಬಹುದು, ಆದರೆ ಅದು ಪಕ್ವವಾದದ್ದು ಚಿತ್ರಶಾಲೆಯ ಸ್ಥಿರ ಬೆಳಕಿನಲ್ಲಿ.

ಮೋನೆ ಸೇರಿದ್ದ ಇಂಪ್ರೆಷನಿಸ್ಟ್ ಪಂಥದ ಚಿತ್ರಕಾರರೆಲ್ಲ ಎದುರು ಕಂಡದ್ದನ್ನು ಒಂದೇ ಉಸಿರಿಗೆ ಬರೆದು ಮುಗಿಸುತ್ತಿದ್ದರೆಂಬ ನಂಬಿಕೆ ನಮ್ಮ ಕಲಾಶಾಲೆಗಳಲ್ಲಿ ಇನ್ನೂ ಓಡಾಡುತ್ತಿದೆ. ಮೋನೆಯ ಮಟ್ಟಿಗಂತೂ ಅದು ಸುಳ್ಳು. ಹುಲ್ಲಿನ ಮೆದೆಗಳ ಚಿತ್ರಸರಣಿಯ ಕಾಲದಿಂದಲೂ, ಅಂದರೆ 1890ರಿಂದ, ಅವನು ಹಲವು ಕ್ಯಾನ್ವಾಸುಗಳನ್ನು ಪಕ್ಕದಲ್ಲಿಟ್ಟುಕೊಂಡು ಬೆಳಕು ಬದಲಾದಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದ. ಜಿವರ್ನಿಯಲ್ಲಿ ಅವನ ನೆರೆಯಲ್ಲಿದ್ದ ಅಮೆರಿಕದ ಚಿತ್ರಕಾರ್ತಿ ಲಿಲ್ಲಾ ಕ್ಯಾಬಟ್ ಪೆರಿ ಬರೆದಿಟ್ಟಿರುವಂತೆ, ಪಾಪ್ಲರ್ ಮರಗಳ ಸರಣಿಯ ಒಂದು ಚಿತ್ರಕ್ಕೆ ಬೇಕಾದ ಬೆಳಕು ಇರುತ್ತಿದ್ದದ್ದು ಏಳು ನಿಮಿಷವಷ್ಟೇ. ಏಳು ನಿಮಿಷದಲ್ಲಿ ಏನನ್ನು ಮುಗಿಸಲು ಸಾಧ್ಯ? ದಿನ ದಿನವೂ ಅದೇ ಹೊತ್ತಿಗೆ ಮರಳಿ ಬರಬೇಕು, ಉಳಿದದ್ದನ್ನು ನೆನಪಿನಿಂದ ಕೂಡಿಸಬೇಕು.

ಬಣ್ಣಗಳ ವಿಷಯದಲ್ಲಿ ಅವನ ಶಿಸ್ತು ಮೆಚ್ಚಬೇಕಾದದ್ದು. 1905ರ ಒಂದು ಪತ್ರದಲ್ಲಿ ತಾನು ಬಳಸುವ ಬಣ್ಣಗಳನ್ನು ಅವನೇ ಹೇಳಿದ್ದಾನೆ: ಸೀಸದ ಬಿಳಿ, ಕ್ಯಾಡ್ಮಿಯಂ ಹಳದಿ, ಇಂಗಲೀಕ, ಕಡು ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ, ಎಮರಾಲ್ಡ್ ಹಸಿರು. ಅಷ್ಟೇ. ಕಪ್ಪು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಸಂಜೆಯನ್ನು ಕಪ್ಪಿಲ್ಲದೆ ಬರೆಯುವುದೆಂದರೆ ಕತ್ತಲನ್ನೂ ಹಸಿರು, ನೀಲಿ, ಮ್ಯಾಡರುಗಳಿಂದಲೇ ಕಟ್ಟಬೇಕು. ಮರಗಳ ಪ್ರತಿಬಿಂಬ ಸತ್ತ ನೆರಳಾಗದೆ ಒಳಗೊಳಗೇ ಉಸಿರಾಡುವುದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ.

ಮುಸ್ಸಂಜೆಯ ಓದುಗ:

ಎಲ್ಲರಿಗೂ ವಂದನೆಗಳು. ಇಲ್ಲಿಯವರೆಗಿನ ಮಾತುಗಳಿಂದ ಬೆಳಕು ಕೆಳಮಟ್ಟದ್ದು, ಕಣ್ಣಿನ ದೋಷದ್ದಲ್ಲ, ಪೂರ್ತಿ ಬಯಲಿನಲ್ಲೇ ಮುಗಿದದ್ದೂ ಅಲ್ಲ ಎಂದು ತಿಳಿಯಿತು. ಆದರೂ ಬೆಳಗಿನ ಸಾಧ್ಯತೆ ಇನ್ನೂ ಬಿದ್ದುಹೋಗಿಲ್ಲ. ಆ ಕೊಳ ಯಾವ ದಿಕ್ಕಿನಿಂದ ಯಾವ ಬೆಳಕನ್ನು ಪಡೆಯುತ್ತದೆ, ಅಲ್ಲಿನ ಮುಂಜಾನೆ ಹೇಗಿರುತ್ತದೆ ಎಂಬುದನ್ನು ಆ ನಾಡಿನಲ್ಲಿ ಇರುವವರು ಹೇಳಬಹುದೇ?

ಪ್ಯಾರಿಸಿನ ಕನ್ನಡತಿ:

ನಾನು ಪ್ಯಾರಿಸಿನಲ್ಲಿ ನೆಲೆಸಿರುವವಳು, ಜಿವರ್ನಿಗೆ ಬೇರೆ ಬೇರೆ ಋತುಗಳಲ್ಲಿ ಹೋಗಿಬಂದಿದ್ದೇನೆ. ದಿಕ್ಕಿನ ಲೆಕ್ಕಕ್ಕಿಂತ ಮಂಜು ಹೆಚ್ಚಿನ ಸಾಕ್ಷಿ ಎಂದು ನನಗೆ ಅನಿಸುತ್ತದೆ. ಆ ಕೊಳ ಸೇನ್ ನದಿಯ ಕಣಿವೆಯ ತಗ್ಗಿನಲ್ಲಿದೆ. ಬೆಳಗಿನ ಹೊತ್ತು ನೀರಿನ ಮೇಲೆ ಮಂಜು ಕೂತಿರುವುದು ಅಲ್ಲಿ ಸಾಮಾನ್ಯ. ಮೋನೆ ಆ ಮಂಜನ್ನು ಬರೆಯದೆ ಬಿಟ್ಟವನಲ್ಲ. 1896 ಮತ್ತು 1897ರಲ್ಲಿ ಬರೆದ ‘ಸೇನ್ ನದಿಯ ಮುಂಜಾನೆಗಳು’ ಸರಣಿಗಾಗಿ ಅವನು ನಸುಕಿನ ಮೂರೂವರೆಗೆ ಎದ್ದು, ಚಪ್ಪಟೆ ತಳದ ದೋಣಿಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದ. ಆ ಚಿತ್ರಗಳಲ್ಲಿ ಮರಕ್ಕೂ ಅದರ ಪ್ರತಿಬಿಂಬಕ್ಕೂ ನಡುವಿನ ಗಡಿ ಕರಗಿಹೋಗಿದೆ, ಬಣ್ಣಗಳೆಲ್ಲ ಹಾಲು ಬೆರೆಸಿದಂತೆ ತಿಳಿಯಾಗಿವೆ. ಲಂಡನ್ನಿನ ಚಿತ್ರದಲ್ಲಿ ಅಂಥ ಮಬ್ಬಿಲ್ಲ. ಕಡುಬಣ್ಣ ಕಡುವಾಗಿಯೇ, ಉರಿ ಉರಿಯಾಗಿಯೇ ಇದೆ. ಇದೇ ಚಿತ್ರಕಾರ ಮುಂಜಾನೆಯನ್ನು ಹೇಗೆ ಬರೆದ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದಾಗ ಇದನ್ನು ಸಂಜೆಯೆಂದು ಒಪ್ಪಲು ನನಗೆ ಅಡ್ಡಿಯಿಲ್ಲ.

ಇನ್ನೊಂದು ಸಂಗತಿ ಕರ್ನಾಟಕದ ಓದುಗರು ಗಮನಿಸಬೇಕಾದದ್ದು. ಜಿವರ್ನಿ ಉತ್ತರಕ್ಕೆ 49 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ಬೇಸಿಗೆಯ ಸೂರ್ಯ ನೇರವಾಗಿ ಕೆಳಗಿಳಿಯದೆ, ದಿಗಂತದ ಮೇಲೆ ಓರೆಯಾಗಿ ಜಾರುತ್ತಾ ಮುಳುಗುತ್ತಾನೆ. ಬೆಂಗಳೂರಿನಲ್ಲಿ ಸೂರ್ಯ ಮುಳುಗಿದ ಮೇಲೆ ಓದುವಷ್ಟು ಬೆಳಕು ಇಪ್ಪತ್ತು ಇಪ್ಪತ್ತೈದು ನಿಮಿಷ ಉಳಿದರೆ, ಜೂನ್ ತಿಂಗಳ ಜಿವರ್ನಿಯಲ್ಲಿ ಅದು 40 ನಿಮಿಷದಷ್ಟು ಇರುತ್ತದೆ. ಮುಳುಗುವ ಮುನ್ನದ ಕೆಂಬೆಳಕೂ ಅದೇ ರೀತಿ ಎಳೆದುಕೊಂಡಿರುತ್ತದೆ. ಇಂಥ ನಿಧಾನದ ಸಂಜೆ ಇಲ್ಲದ ನಾಡಿನಲ್ಲಿ ಸರಣಿಯಾಗಿ ಸೂರ್ಯಾಸ್ತಗಳನ್ನು ಬರೆಯುವ ಯೋಚನೆ ಹುಟ್ಟುವುದೇ ಕಷ್ಟ.

ಸಂಶಯಾತ್ಮ:

ಕಣ್ಣಿನ ವಾದವನ್ನು ವೈದ್ಯರು ಮುರಿದರು, ಇರಲಿ. ಆದರೆ ನನ್ನ ಮೂಲ ಅಸಮಾಧಾನ ಬೇರೆಯದು. ಶ್ರೀಮಂತ ಚಿತ್ರಕಾರನೊಬ್ಬ ಹೊಲದ ನಡುವೆ ಹೊಳೆಯ ನೀರನ್ನು ತಿರುಗಿಸಿ, ದುಬಾರಿ ಹೂಗಳನ್ನು ತರಿಸಿ, ಆಳುಗಳನ್ನಿಟ್ಟು ಒಂದು ಅಲಂಕಾರದ ಕೊಳ ಕಟ್ಟಿಕೊಂಡ. ಆಮೇಲೆ ಅದನ್ನೇ ಇನ್ನೂರು ಮುನ್ನೂರು ಸಲ ಬರೆದ. ಇದನ್ನು ನಿಸರ್ಗದ ಚಿತ್ರವೆನ್ನುವುದಕ್ಕಿಂತ ಗೋಡೆಗೆ ಅಂಟಿಸುವ ಚಂದದ ಕಾಗದವೆನ್ನುವುದು ಮೇಲಲ್ಲವೇ?

ಕೊಳದ ತೋಟಗಾರ:

ಕಟ್ಟಿಕೊಂಡ ಕೊಳವೆಂಬುದು ನಿಜ, ಆದರೆ ಅದು ಆಕ್ಷೇಪವಾಗುವುದು ಹೇಗೆಂದು ನನಗೆ ತಿಳಿಯದು. ಮೋನೆ 1883ರಲ್ಲಿ ಜಿವರ್ನಿಗೆ ಬಾಡಿಗೆಗೆ ಬಂದ, 1890ರಲ್ಲಿ ಆ ಮನೆಯನ್ನು ಕೊಂಡ, 1893ರಲ್ಲಿ ರೈಲು ಹಳಿಯ ಆಚೆಗಿದ್ದ ಜೌಗು ನೆಲವನ್ನು ಕೊಂಡ. ಎಪ್ಟ್ ನದಿಯ ಒಂದು ಕವಲಿನಿಂದ ನೀರು ಹಾಯಿಸಿಕೊಳ್ಳಲು ಅವನು ಅರ್ಜಿ ಹಾಕಿದಾಗ, ಈ ಪರದೇಶಿ ಗಿಡಗಳಿಂದ ನೀರು ವಿಷವಾಗಿ ತಮ್ಮ ದನಗಳಿಗೆ ಕೇಡಾದೀತೆಂದು ಊರವರು ವಿರೋಧಿಸಿದರು. ಜಿಲ್ಲಾಧಿಕಾರಿಯ ಒಪ್ಪಿಗೆ ಸಿಕ್ಕ ಮೇಲೆ ಕೆಲಸ ಸಾಗಿತು. 1901ರಿಂದ ಕೊಳವನ್ನು ಇನ್ನಷ್ಟು ಹಿಗ್ಗಿಸಿದ. ನಾವು ಮಾತಾಡುತ್ತಿರುವ ದಿಗಂತವಿಲ್ಲದ ಚಿತ್ರಗಳು ಸಾಧ್ಯವಾದದ್ದು ಈ ಹಿಗ್ಗಿದ ಕೊಳದಿಂದಲೇ. 1899ರ ಸೇತುವೆಯ ಚಿತ್ರಗಳಲ್ಲಿ ಕೊಳ ಇಕ್ಕಟ್ಟಾದದ್ದು, ದಡದ ಗಿಡಗಳು ಎಲ್ಲ ಕಡೆಯಿಂದಲೂ ಒತ್ತಿಕೊಂಡಿವೆ. ನೀರಿನಲ್ಲಿ ಆಕಾಶ ಬಂದು ಕೂರಲು ಜಾಗವೇ ಇಲ್ಲ.

ಅವನ ತೋಟಗಾರರಲ್ಲಿ ಒಬ್ಬನ ಕೆಲಸ ದೋಣಿಯಲ್ಲಿ ಹೋಗಿ ಎಲೆಗಳನ್ನು ತೊಳೆಯುವುದು, ಪಾಚಿ ತೆಗೆಯುವುದು, ಒಣಗಿದ್ದನ್ನು ಕತ್ತರಿಸುವುದು. ರಸ್ತೆಯ ಧೂಳು ಎಲೆಗಳ ಮೇಲೆ ಕೂರದಿರಲೆಂದು ಮೋನೆ ತನ್ನ ಖರ್ಚಿನಲ್ಲಿ ಮಣ್ಣಿನ ರಸ್ತೆಗೆ ಡಾಂಬರು ಹಾಕಿಸಿದ. ನೈದಿಲೆ ಸಾಕಿದವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ: ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಎಲೆಗಳು ನೀರನ್ನು ಪೂರ್ತಿ ಮುಚ್ಚುತ್ತವೆ. ಪ್ರತಿಬಿಂಬ ಬೇಕಾದರೆ ತೆರೆದ ನೀರು ಬೇಕು, ತೆರೆದ ನೀರು ಬೇಕಾದರೆ ಎಲೆಗಳನ್ನು ದುಂಡಗಿನ ಗುಂಪುಗಳಾಗಿ ಹಿಡಿದಿಡಬೇಕು. ಚಿತ್ರದಲ್ಲಿ ನಾವು ಕಾಣುವ ಆ ಅಡ್ಡಡ್ಡ ದ್ವೀಪಗಳು ಕುಂಚಕ್ಕಿಂತ ಮೊದಲು ಕತ್ತರಿಯಿಂದ ರೂಪುಗೊಂಡವು.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು:

ತೋಟಗಾರರ ಈ ಮಾತಿಗೆ ನನ್ನದೊಂದು ಅನುಬಂಧ. ಎಲೆಗಳು ಅಡ್ಡವಾಗಿ, ಪ್ರತಿಬಿಂಬಗಳು ಲಂಬವಾಗಿ ಇರುವುದನ್ನು ಎಲ್ಲರೂ ವಿನ್ಯಾಸವೆಂದು ಹೊಗಳುತ್ತಾರೆ. ಎಲೆಗಳಿಲ್ಲದಿದ್ದರೆ ಈ ಚಿತ್ರದಲ್ಲಿ ನೀರೇ ಇರುತ್ತಿರಲಿಲ್ಲ ಎಂಬುದು ಅದಕ್ಕಿಂತ ಮುಖ್ಯ. ಪ್ರತಿಬಿಂಬಕ್ಕೆ ಮೇಲ್ಮೈ ಇಲ್ಲ. ಅದು ನೀರಿನ ಒಳಗೆ, ಮರವು ಮೇಲಿರುವಷ್ಟೇ ಆಳದಲ್ಲಿ ಕಾಣುತ್ತದೆ. ನೀರಿನ ಮೇಲ್ಮೈ ಇಲ್ಲಿದೆ ಎಂದು ಕಣ್ಣಿಗೆ ತೋರಿಸಿಕೊಡುವುದು ಅದರ ಮೇಲೆ ಮಲಗಿರುವ ಎಲೆ. ಹತ್ತಿರದ ಎಲೆ ದುಂಡಗೆ, ದೂರದ ಎಲೆ ಕಿರಿದಾದ ಗೆರೆಯಂತೆ ಚಪ್ಪಟೆಯಾಗುತ್ತಾ ಹೋಗುವುದರಿಂದ, ದಿಗಂತದ ಗೆರೆ ಇಲ್ಲದಿದ್ದರೂ ನಮಗೆ ದೂರದ ಅರಿವಾಗುತ್ತದೆ. ಗೋಡೆಗೆ ಅಂಟಿಸುವ ಕಾಗದದಲ್ಲಿ ಈ ಲೆಕ್ಕ ಇರುವುದಿಲ್ಲ, ಸಂಶಯಾತ್ಮರೇ.

ಕುಂಚ ಹಿಡಿದವನು:

‘ಇನ್ನೂರು ಮುನ್ನೂರು ಸಲ’ ಎಂಬ ಮಾತಿನಲ್ಲಿ ಇರುವ ಬೇಸರಕ್ಕೂ ಉತ್ತರ ಕೊಡಬೇಕು. ನೈದಿಲೆಯ ಚಿತ್ರಗಳ ಪ್ರದರ್ಶನವನ್ನು ಅವನು ಮತ್ತೆ ಮತ್ತೆ ಮುಂದೂಡಿದ. 1908ರಲ್ಲಿ ಕನಿಷ್ಠ 15 ಕ್ಯಾನ್ವಾಸುಗಳನ್ನು ತಾನೇ ನಾಶಮಾಡಿದ. ಅದೇ ವರ್ಷದ ಆಗಸ್ಟಿನಲ್ಲಿ ಗೆಳೆಯ ಗುಸ್ತಾವ್ ಜೆಫ್ರುವಾಗೆ ಬರೆದ ಪತ್ರದಲ್ಲಿ, ಈ ನೀರು ಮತ್ತು ಪ್ರತಿಬಿಂಬಗಳ ಗೀಳು ತನ್ನನ್ನು ಹಿಡಿದಿದೆಯೆಂದೂ ತನ್ನ ವಯಸ್ಸಿಗೆ ಇದು ಶಕ್ತಿ ಮೀರಿದ ಕೆಲಸವೆಂದೂ ಹೇಳಿಕೊಂಡ. ಕೊನೆಗೆ 1909ರ ಮೇ ತಿಂಗಳಿನಲ್ಲಿ ಪ್ಯಾರಿಸಿನ ದ್ಯುರಾಂ-ರುಯೆಲ್ ಗ್ಯಾಲರಿಯಲ್ಲಿ 48 ಚಿತ್ರಗಳನ್ನು ತೋರಿಸಿದ. ಒಂದೇ ಕೊಳದ 48 ಹೊತ್ತುಗಳು. ಚಂದದ ಕಾಗದ ಮಾಡುವವನು ಮಾಡಿದ್ದನ್ನು ಹರಿದು ಹಾಕುವುದಿಲ್ಲ, ಮಾರುತ್ತಾನೆ. ಮೋನೆಯ ಚಿತ್ರಗಳಿಗೆ ಆಗ ಗಿರಾಕಿಗಳ ಕೊರತೆಯೂ ಇರಲಿಲ್ಲ.

1907ರದೇ ಇನ್ನೊಂದು ಗುಂಪಿದೆ, ಉದ್ದುದ್ದವಾದ ಲಂಬ ಚೌಕಟ್ಟಿನವು. ಅವುಗಳಲ್ಲಿ ಮರಗಳ ಪ್ರತಿಬಿಂಬಗಳ ಮಧ್ಯೆ ಬೆಳಕು ಮೇಲಿನಿಂದ ಕೆಳಗೆ ಹರಿಯುತ್ತದೆ. ಅಡ್ಡ ಚೌಕಟ್ಟಿನಲ್ಲಿ ಎಲೆಗಳ ಗುಂಪುಗಳು ಮುಖ್ಯವಾದರೆ, ಲಂಬ ಚೌಕಟ್ಟಿನಲ್ಲಿ ಬೆಳಕಿನ ಹರಿವು ಮುಖ್ಯವಾಗುತ್ತದೆ. ವೈಯಕ್ತಿಕವಾಗಿ ನನಗೆ ಲಂಬದ ಚಿತ್ರಗಳೇ ಹೆಚ್ಚು ಇಷ್ಟ. ಲಂಡನ್ನಿನ ಚಿತ್ರ ಅವುಗಳಷ್ಟು ಧೈರ್ಯದ್ದಲ್ಲವೆಂದು ಹೇಳಿದರೆ ಓದುಗರು ಮುನಿಸಿಕೊಳ್ಳಬಾರದು.

ಪ್ಯಾರಿಸಿನ ಕನ್ನಡತಿ:

ಮುನಿಸಿಕೊಳ್ಳುವ ಬದಲು ಇನ್ನೊಂದು ಸೂರ್ಯಾಸ್ತವನ್ನು ಚರ್ಚೆಗೆ ತರುತ್ತೇನೆ. ಪ್ಯಾರಿಸಿನ ಓರಾಂಜರಿ ಸಂಗ್ರಹಾಲಯದ ಅಂಡಾಕಾರದ ಮೊದಲ ಕೋಣೆಯಲ್ಲಿ ‘ಸೂರ್ಯಾಸ್ತ’ ಎಂಬ ಹೆಸರಿನ ಚಿತ್ರವಿದೆ. ಸುಮಾರು 2 ಮೀಟರ್ ಎತ್ತರ, 6 ಮೀಟರ್ ಅಗಲ. ಮೊದಲ ಮಹಾಯುದ್ಧ ನಿಂತ ಮರುದಿನ, 1918ರ ನವೆಂಬರ್ 12ರಂದು, ಮೋನೆ ತನ್ನ ಗೆಳೆಯನೂ ಅಂದಿನ ಪ್ರಧಾನಿಯೂ ಆಗಿದ್ದ ಜಾರ್ಜ್ ಕ್ಲೆಮಾಂಸೋಗೆ ಪತ್ರ ಬರೆದು ಎರಡು ಚಿತ್ರಗಳನ್ನು ದೇಶಕ್ಕೆ ಕೊಡುವುದಾಗಿ ಹೇಳಿದ. ಆ ಎರಡು ಬೆಳೆಯುತ್ತಾ ಎಂಟು ಮಹಾಚಿತ್ರಗಳಾದವು. ಮೋನೆ 1926ರ ಡಿಸೆಂಬರಿನಲ್ಲಿ ತೀರಿಕೊಂಡ; ಕೋಣೆಗಳು ಜನರಿಗೆ ತೆರೆದದ್ದು 1927ರ ಮೇ ತಿಂಗಳಲ್ಲಿ.

ಆ ಎರಡು ಕೋಣೆಗಳನ್ನು ಪೂರ್ವ ಪಶ್ಚಿಮವಾಗಿ, ಸೂರ್ಯನ ಹಾದಿಗೆ ಹೊಂದುವಂತೆ ಜೋಡಿಸಲಾಗಿದೆ. ಸೂರ್ಯಾಸ್ತದ ಚಿತ್ರದಲ್ಲಿ ನಡುವೆ ಹಳದಿ ಹೊತ್ತಿಕೊಂಡಿದೆ, ಸುತ್ತಲೂ ಹಸಿರು ನೇರಳೆಗಳ ಕತ್ತಲು. ಅಲ್ಲಿಯೂ ಸೂರ್ಯನಿಲ್ಲ. ಲಂಡನ್ನಿನ ಚಿತ್ರದಲ್ಲಿ ಹೊತ್ತನ್ನು ಗುರುತಿಸಲು ನಾವು ಇಷ್ಟು ವಾದ ಮಾಡಬೇಕಾಯಿತು. ಇಲ್ಲಿ ಅದೇ ಕೋಣೆಯ ಗೋಡೆಗಳ ಮೇಲೆ ಬೆಳಗಿನ ಚಿತ್ರವೂ ಮೋಡಗಳ ಚಿತ್ರವೂ ಇರುವುದರಿಂದ, ಒಂದರ ಪಕ್ಕದಲ್ಲಿ ಇನ್ನೊಂದಿಟ್ಟು ಹೊತ್ತುಗಳನ್ನು ಹೋಲಿಸಿಕೊಳ್ಳುವ ಅನುಕೂಲವಿದೆ. ಮೂಲ ಪ್ರಶ್ನೆಗೆ ಇದೂ ಒಂದು ಉತ್ತರವೆಂದು ನನಗೆ ತೋರುತ್ತದೆ: ಮೋನೆಯ ಸಂಜೆಯನ್ನು ಅವನ ಬೆಳಗಿನ ಪಕ್ಕದಲ್ಲಿಟ್ಟು ಓದಬೇಕು, ಬಿಡಿ ಚಿತ್ರವಾಗಿ ಓದಿದರೆ ಸಂದೇಹ ಉಳಿಯುತ್ತದೆ. 1909ರಲ್ಲಿ 48 ಚಿತ್ರಗಳನ್ನು ಒಟ್ಟಿಗೆ ನೋಡಿದವರಿಗೆ ಈ ಸಂದೇಹ ಬಂದಿರಲಾರದು. ಚಿತ್ರಗಳು ಆಮೇಲೆ ಬೇರೆ ಬೇರೆ ದೇಶಗಳಿಗೆ ಮಾರಾಟವಾಗಿ ಚದುರಿದ್ದರಿಂದ ಈ ತೊಡಕು ನಮ್ಮ ಪಾಲಿಗೆ ಬಂದಿದೆ.

ಕೊಳದ ತೋಟಗಾರ:

ಕನ್ನಡತಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಹೂವಿನ ತೊಡಕು ಅದರಿಂದ ಬಗೆಹರಿಯುವುದಿಲ್ಲ. ಸಂಜೆಯೆಂದು ಒಪ್ಪಿದರೆ ಹೂಗಳು ಮುಚ್ಚಿರಬೇಕು, ಅಷ್ಟೇ. ಅರಳಿದ ಹೂವಿನ ಹೊಳಪು ಚಿತ್ರದಲ್ಲಿ ಕಾಣುತ್ತಿದ್ದರೆ ಅದು ಬೇರೆ ಹೊತ್ತಿನಲ್ಲಿ ನೋಡಿ ಸೇರಿಸಿದ್ದು. ಕೊನೆಯ ದಿನದ ಹೂವು ಕೆಲವೊಮ್ಮೆ ಪೂರ್ತಿ ಮುಚ್ಚಲಾರದೆ ಉಳಿಯುವುದುಂಟು, ತಡವಾಗಿ ಮುಚ್ಚುವ ತಳಿಗಳೂ ಇವೆ. ಆದರೆ ಸೂರ್ಯಾಸ್ತದವರೆಗೆ ಕೊಳವಿಡೀ ಅರಳಿ ನಿಲ್ಲುವುದನ್ನು ಈ ಗುಂಪಿನ ನೈದಿಲೆಗಳಲ್ಲಿ ನಾನು ಕಂಡಿಲ್ಲ.

ಕುಂಚ ಹಿಡಿದವನು:

ಚಿತ್ರಶಾಲೆಯಲ್ಲಿ ಪಕ್ವವಾದ ಚಿತ್ರವೆಂದು ನಾನು ಮೊದಲೇ ಹೇಳಿದ್ದು ಇದಕ್ಕೇ. ಚಿತ್ರದ ಬೆಳಕಿಗೆ ಒಂದು ಗಡಿಯಾರ, ಹೂವಿಗೆ ಇನ್ನೊಂದು ಗಡಿಯಾರ ಇರುವುದರಲ್ಲಿ ತಪ್ಪೇನಿದೆ? ಸಂಜೆಯ ನೀರಿನ ಮೇಲೆ ಅಲ್ಲಲ್ಲಿ ನಾಲ್ಕು ತಿಳಿಬಣ್ಣದ ಗುರುತುಗಳು ಬೇಕಾಗಿದ್ದವು, ಇಲ್ಲದಿದ್ದರೆ ಆ ಕಡುಹಸಿರು ಭಾಗ ಮುಳುಗಿಹೋಗುತ್ತಿತ್ತು. ಅವನು ಇಟ್ಟ. ಸಸ್ಯಶಾಸ್ತ್ರದ ಪುಸ್ತಕಕ್ಕೆ ಚಿತ್ರ ಬರೆಯುತ್ತಿರಲಿಲ್ಲವಲ್ಲ.

ಕೊಳದ ತೋಟಗಾರ:

ತಪ್ಪೆಂದು ನಾನು ಹೇಳಲಿಲ್ಲ. ಆದರೆ ತನ್ನ ಕೊಳದ ಒಂದೊಂದು ಗಿಡವನ್ನೂ ತಾನೇ ಆರಿಸಿ ನೆಡಿಸಿದವನಿಗೆ ಅವು ಯಾವಾಗ ಮುಚ್ಚುತ್ತವೆಂದು ತಿಳಿಯದಿರುವುದು ಅಸಾಧ್ಯ. ತಿಳಿದೂ ಇಟ್ಟನೆಂದರೆ ಅದು ಬೆಳಕಿನಷ್ಟೇ ಯೋಚಿಸಿ ಮಾಡಿದ ಆಯ್ಕೆ ಎಂದು ಒಪ್ಪಬೇಕಾಗುತ್ತದೆ, ‘ಕಂಡದ್ದನ್ನು ಕಂಡಂತೆ’ ಎಂಬ ಇಂಪ್ರೆಷನಿಸ್ಟರ ಹಳೆಯ ವ್ಯಾಖ್ಯೆಯನ್ನು ಇವನ ಮಟ್ಟಿಗಾದರೂ ಕೈಬಿಡಬೇಕಾಗುತ್ತದೆ.

ಸಂಶಯಾತ್ಮ:

ಕಾಗದದ ಮಾತನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಬರುವ ಬೇಸಿಗೆಯಲ್ಲಿ ಲಂಡನ್ನಿಗೆ ಹೋಗುವ ಸಂದರ್ಭವಿದೆ. ಈ ಒಂದು ಚಿತ್ರವನ್ನು ನೋಡಿದರೆ ಸಾಕೇ, ಅಥವಾ ಅಲ್ಲಿ ಬೇರೆ ಏನಾದರೂ ನೋಡಬೇಕೇ?

ಮುಸ್ಸಂಜೆಯ ಓದುಗ:

ಗ್ಯಾಲರಿಯ ಕಾಯಂ ಸಂಗ್ರಹಕ್ಕೆ ಪ್ರವೇಶ ಶುಲ್ಕವಿಲ್ಲ, ಆದ್ದರಿಂದ ಅವಸರಪಡಬೇಡಿ. ಅದೇ ಸಂಗ್ರಹದಲ್ಲಿ 1899ರ ಸೇತುವೆಯ ಚಿತ್ರವೂ ಇದೆ, 1916ರ ನಂತರ ಬರೆದ, ನಾಲ್ಕು ಮೀಟರಿಗೂ ಹೆಚ್ಚು ಅಗಲದ ನೈದಿಲೆಯ ಚಿತ್ರವೂ ಇದೆ. ಯಾವುದಾದರೂ ಚಿತ್ರ ಬೇರೆಡೆಯ ಪ್ರದರ್ಶನಕ್ಕೆ ಹೋಗಿರುವ ಸಾಧ್ಯತೆ ಇರುವುದರಿಂದ ಹೊರಡುವ ಮುನ್ನ ಗ್ಯಾಲರಿಯ ಜಾಲತಾಣದಲ್ಲಿ ನೋಡಿಕೊಳ್ಳಿ. ಮೊದಲು ಸೇತುವೆಯ ಚಿತ್ರ, ಆಮೇಲೆ ಸೂರ್ಯಾಸ್ತ, ಕೊನೆಗೆ ದೊಡ್ಡದು ಎಂಬ ಕ್ರಮದಲ್ಲಿ ನೋಡಿದರೆ ದಡವು ಹೇಗೆ ಹಂತಹಂತವಾಗಿ ಮಾಯವಾಯಿತು ಎಂಬುದು ತಿಳಿಯುತ್ತದೆ. ಸೂರ್ಯಾಸ್ತದ ಮುಂದೆ ಮೊದಲು ಹತ್ತಿರ ನಿಂತು ಹೂಗಳನ್ನು ನೋಡಿ, ಅವು ತೆರೆದಿವೆಯೋ ಮುಚ್ಚಿವೆಯೋ ಎಂದು ನಿಮ್ಮ ಕಣ್ಣಿಗೆ ಕಂಡದ್ದನ್ನು ಇಲ್ಲಿ ಬರೆಯಿರಿ. ತೋಟಗಾರರಿಗೂ ಕುಂಚದವರಿಗೂ ನಡುವಿನ ವ್ಯಾಜ್ಯದಲ್ಲಿ ಮೂರನೆಯವರೊಬ್ಬರ ಸಾಕ್ಷಿ ಬೇಕಾಗಿದೆ.